ಏಸಿಯೊಳಗಿನ ವಸಂತ

ಸಿಂಗಪುರ ಇರೋದು ಭೂಮಧ್ಯರೇಖೆಯಿಂದ ಒಂದೂವರೆ ಡಿಗ್ರಿಯೂ ದೂರವಿಲ್ಲದ ಜಾಗದಲ್ಲಿ. ಅಲ್ಲಿ ಚಳಿಗಾಲವೇ ಇಲ್ಲ, ಹಾಗಾಗಿ ಚಳಿ ಕಳೆದ ಮೇಲೆ ಬರುವ ವಸಂತವೂ ಇಲ್ಲ. ಆದರೂ ಏಪ್ರಿಲ್-ಮೇ ಹೊತ್ತಿಗೆ ಆ ದ್ವೀಪಕ್ಕೆ ವಸಂತ ಬರುತ್ತೆ. ಟಿಕೆಟ್ ಕೊಂಡು ಒಳಗೆ ಹೋಗಬೇಕು ಅಷ್ಟೆ. 'ಗಾರ್ಡನ್ಸ್ ಬೈ ದ ಬೇ' ಉದ್ಯಾನದ ಫ್ಲವರ್ ಡೋಮ್‌ನಲ್ಲಿ 2013ರಲ್ಲಿ ಶುರುವಾದ 'ಟ್ಯುಲಿಪ್‌ಮೇನಿಯಾ' ಎಂಬ ಹೂವಿನ ಹಬ್ಬದ ಬಗ್ಗೆ ಹೇಳ್ತಿದ್ದೀನಿ. ಸೈಬರ್‌ಜಯಾದಲ್ಲಿರುವ ನಮ್ಮಂಥವರಿಗೆ ಅದು ಐದಾರು ಗಂಟೆಯ ಬಸ್ ದಾರಿ. ಊರಿಂದ ಅಪ್ಪ ಅಮ್ಮ ಬಂದಾಗ ತೋರಿಸಲೇಬೇಕಾದ ಜಾಗಗಳ ಪಟ್ಟಿಯಲ್ಲಿ ಅದು ಯಾವಾಗಲೂ ಮೇಲೇ ಇರುತ್ತೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚಿಬಿಡೋಣ. 2012ರಲ್ಲಿ ತೆರೆದ ಈ ಡೋಮ್ ಸುಮಾರು 1.2 ಹೆಕ್ಟೇರಿನ ಗಾಜಿನ ಮನೆ. ಒಳಗೆ ಒಂದು ಕಂಬವೂ ಇಲ್ಲ. ಯುರೋಪಿನವರು ಗಾಜಿನ ಮನೆ ಕಟ್ಟಿದ್ದು ಹೊರಗಿನ ಚಳಿಯಿಂದ ಗಿಡಗಳನ್ನು ಕಾಪಾಡೋಕೆ. ಇದು ತಿರುಗಾಮುರುಗಾ, ಹೊರಗಿನ ಸೆಕೆಯಿಂದ ಕಾಪಾಡುತ್ತೆ. ಗಾಜು ಬೆಳಕನ್ನು ಬಿಡುತ್ತೆ, ಶಾಖವನ್ನು ಆದಷ್ಟು ತಡೆಯುತ್ತೆ. ನೆಲದೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತೆ. ಇಡೀ ಗುಮ್ಮಟವನ್ನು ತಂಪು ಮಾಡದೆ, ಜನ ಮತ್ತು ಗಿಡಗಳಿರುವ ಕೆಳಗಿನ ಪದರವನ್ನಷ್ಟೇ ತಂಪಾಗಿಡುತ್ತಾರೆ. ಬಿಸಿಗಾಳಿ ಮೇಲಕ್ಕೇರಿ ಹೊರಗೆ ಹೋಗುತ್ತೆ. ನಗರದಲ್ಲಿ ಕಡಿದ ಕೊಂಬೆರೆಂಬೆಗಳ ಕಸವನ್ನು ಉರಿಸಿ ಬರುವ ಶಕ್ತಿಯೂ ಇದಕ್ಕೆ ಬಳಕೆಯಾಗುತ್ತೆ. ಹೊರಗೆ ಬೆವರು ಇಳಿಯುತ್ತಿದ್ದರೆ ಒಳಗೆ 23ರಿಂದ 25 ಡಿಗ್ರಿ. ಎಂಜಿನಿಯರಿಂಗ್ ಅಂತ ನೋಡಿದರೆ ಕೈ ಮುಗಿಯಬೇಕು.

ಆದರೆ ಟ್ಯುಲಿಪ್‌ಗೆ ಇಷ್ಟು ತಂಪು ಸಾಲದು. ಅದರ ಗೆಡ್ಡೆ ಅರಳಬೇಕಾದರೆ ಮೊದಲು ವಾರಗಟ್ಟಲೆ ನಿಜವಾದ ಚಳಿಯಲ್ಲಿ ಮಲಗಿರಬೇಕು. ಆ ಚಳಿಯನ್ನು ಶೀತಕೋಣೆಯಲ್ಲಿ ಕೊಟ್ಟು ಗೆಡ್ಡೆಗೆ ಚಳಿಗಾಲ ಕಳೆಯಿತು ಅಂತ ನಂಬಿಸುತ್ತಾರೆ. ಹೂವು ನಿಲ್ಲೋದು ಒಂದೆರಡು ವಾರ. ಹಾಗಾಗಿ ಹಬ್ಬ ಮುಗಿಯುವವರೆಗೂ ಬಾಡಿದ್ದನ್ನು ಕಿತ್ತು ಹೊಸದನ್ನು ನೆಡ್ತಾನೇ ಇರಬೇಕು. ನೋಡುವವರಿಗೆ ಮಾತ್ರ ಬಾಡಿದ ಹೂವು ಕಣ್ಣಿಗೆ ಬೀಳಬಾರದು. ನನ್ನ ತಕರಾರು ಶುರುವಾಗೋದು ಇಲ್ಲೇ. ಋತು ಅಂದರೆ ಬರೋದು, ಜೊತೆಗೆ ಹೋಗೋದು. ಮೊಗ್ಗಿಲ್ಲದ, ಉದುರದ, ಬೀಜ ಕಟ್ಟದ ವಸಂತವನ್ನು ನೋಡಿದಾಗ ನಾವು ನೋಡೋದು ವಸಂತದ ಒಂದು ಫೋಟೋವನ್ನು. ಜನ ಅಲ್ಲಿ ಮಾಡೋದೂ ಅದನ್ನೇ: ಗಾಳಿಯಂತ್ರದ ಮಾದರಿಯ ಮುಂದೆ ನಿಂತು ಫೋಟೋ. ನಾವೂ ತೆಗೆಸಿಕೊಂಡೆವು. ನನ್ನ ಅಮ್ಮ ಅರ್ಧ ಗಂಟೆ ಸುಮ್ಮನೆ ಸುತ್ತಿ, ಕೊನೆಗೆ, "ಚೆನ್ನಾಗೇನೋ ಇದೆ ಕಣೇ, ಆದ್ರೆ ಒಂದಕ್ಕೂ ವಾಸನೆನೇ ಇಲ್ವಲ್ಲ" ಅಂದರು. ಪಕ್ಕದಲ್ಲಿದ್ದ ಅಪ್ಪ ಏನೂ ಹೇಳಲಿಲ್ಲ, ಏಸಿ ಚೆನ್ನಾಗಿದೆ ಅಂತ ಬೆಂಚು ಹಿಡಿದು ಕೂತಿದ್ದರು.

ಹೆಸರೂ ತಮಾಷೆಯದ್ದೇ. 1637ರಲ್ಲಿ ಹಾಲೆಂಡಿನಲ್ಲಿ ಟ್ಯುಲಿಪ್ ಗೆಡ್ಡೆಗಳ ಬೆಲೆ ಹುಚ್ಚಾಪಟ್ಟೆ ಏರಿ ಒಮ್ಮೆಲೇ ಕುಸಿದ ಕಥೆಗೆ ಟ್ಯುಲಿಪ್ ಮೇನಿಯಾ ಅಂತ ಹೆಸರು. ಕೈಯಲ್ಲಿ ಹೂವಿಲ್ಲದೆ, ಮುಂದೆಂದೋ ಅರಳಲಿರುವ ಹೂವಿನ ಕರಾರುಗಳನ್ನೇ ಮಾರಿ ಕೊಂಡ ಕಾಲ ಅದು. ಆ ಹೆಸರನ್ನು ಒಂದು ಕುಟುಂಬದ ಪಿಕ್‌ನಿಕ್‌ಗೆ ಇಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು ಅಂತ ಅಂದುಕೊಳ್ಳೋಣ.

"ಹಾಗಾದ್ರೆ ನಮ್ಮ ಲಾಲ್‌ಬಾಗ್ ಶೋ ಏನು ಕಮ್ಮಿ ನಾಟಕಾನಾ?" ಅಂತ ಕೇಳುವವರಿಗೆ: ಹೌದು, ಅದೂ ನಾಟಕವೇ. ಜನವರಿ ಮತ್ತು ಆಗಸ್ಟ್‌ನಲ್ಲಿ ಗಾಜಿನ ಮನೆಯೊಳಗೆ ಲಕ್ಷಗಟ್ಟಲೆ ಗುಲಾಬಿ, ಸೇವಂತಿಗೆ ಚುಚ್ಚಿ ಕಟ್ಟಡಗಳನ್ನು ನಿಲ್ಲಿಸುತ್ತಾರೆ. 2023ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯನವರ ನೆನಪಿಗೆ ವಿಧಾನಸೌಧವನ್ನೇ ಹೂವಿನಲ್ಲಿ ಕಟ್ಟಿದ್ದರು. ಅಲ್ಲಿ ಹೂವು ಇಟ್ಟಿಗೆಯ ಕೆಲಸ ಮಾಡುತ್ತೆ. ನನಗೆ ಆ ಭಾಗ ಯಾವತ್ತೂ ಹಿಡಿಸಿಲ್ಲ. ಆದರೆ ಆ ಗಾಜಿನ ಮನೆಯನ್ನೇ ಸರಿಯಾಗಿ ನೋಡಿ. 1889ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ ಕಟ್ಟಲು ಹೊರಟ ಕಟ್ಟಡ. ಬೆಂಗಳೂರಿನಲ್ಲಿ ಅದರ ಪಕ್ಕಗಳು ತೆರೆದೇ ಇವೆ, ಊರಿನ ಗಾಳಿ ಒಳಗೆ ಓಡಾಡುತ್ತೆ. ಹೊರಗಿನ ಪಾತಿಗಳಲ್ಲಿ ಜನವರಿಯಲ್ಲಿ ಅರಳಿರುವ ಪೆಟೂನಿಯಾ, ಸಾಲ್ವಿಯಾ, ಡೇಲಿಯಾಗಳು ಆ ಊರಿನ ಆ ತಿಂಗಳ ಚಳಿಗೇ ಅರಳಿರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಅವು ಸೊರಗೋದೂ ಕಾಣುತ್ತೆ.

ಹೂವು ಹೊರಗಿನಿಂದ ಬಂದದ್ದು ಅನ್ನೋದು ನನ್ನ ದೂರಲ್ಲ. ಹಾಗೆ ಅಂದರೆ ಮೊದಲು ನಾನೇ ಗಂಟುಮೂಟೆ ಕಟ್ಟಬೇಕಾಗುತ್ತೆ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಾಂಡಾ ಎರಡೂ ಬೆಂಗಳೂರಿಗೆ ಬಂದು ಅಲ್ಲಿನ ಮಳೆ ಬಿಸಿಲಿನ ಲೆಕ್ಕ ಕಲಿತವು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಮಾಡಿದ್ದು ಈ ಕೆಲಸವನ್ನೇ. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗುವ ಹಾಗೆ ರಸ್ತೆಗಳಿಗೆ ಮರಗಳನ್ನು ಆರಿಸುವುದು ಅವರ ಆಲೋಚನೆ. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಲಕ್ಷಾಂತರ ಸಸಿ ನೆಡಿಸಿದರು. ಗುಲಾಬಿ ಬಣ್ಣದ ತಬೂಬಿಯಾ, ಆಮೇಲೆ ಜಕರಾಂಡಾ, ಯುಗಾದಿ ಆಸುಪಾಸಿಗೆ ಹೊಂಗೆ, ಮೇನಲ್ಲಿ ಗುಲ್‌ಮೊಹರ್, ಮಳೆ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ. ಇಡೀ ಊರೇ ವರ್ಷಪೂರ್ತಿ ನಡೆಯುವ ಹೂವಿನ ಶೋ. ರಸ್ತೆ ಅಗಲ ಮಾಡುವಾಗ ಮೊದಲು ಕಡಿಯೋದೂ ಇದೇ ಶೋವನ್ನು.

ಈ ಸಮಭಾಜಕದ ಊರುಗಳಲ್ಲಿ ಅಂಥ ಕ್ಯಾಲೆಂಡರ್ ಸಾಧ್ಯವೇ ಇಲ್ಲ ಅಂತ ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಕೇಳಿದ್ದೆ. "ಇಲ್ಲಿ ಸೀಸನ್ನೇ ಇಲ್ಲ" ಅನ್ನೋದು ವಲಸೆ ಬಂದವರ ಬಾಯಲ್ಲಿ ದಿನಕ್ಕೊಮ್ಮೆ ಬರುವ ಮಾತು. ನನ್ನ ಕಸುಬು ಡೇಟಾ ಆದ್ದರಿಂದ ಹೇಳ್ತೀನಿ: ಕ್ವಾಲಾಲಂಪುರ ಕಡೆಯ ತಿಂಗಳ ಸರಾಸರಿ ಉಷ್ಣಾಂಶವನ್ನು ಗ್ರಾಫ್ ಹಾಕಿದರೆ ಗೆರೆ ಹೆಚ್ಚೂಕಡಿಮೆ ಅಡ್ಡಡ್ಡ ಮಲಗಿರುತ್ತೆ. ಅದೇ ಜಾಗದ ಮಳೆಯ ಗ್ರಾಫ್ ಹಾಕಿ, ಏಪ್ರಿಲ್ ಸುತ್ತ ಒಂದು, ನವೆಂಬರ್ ಸುತ್ತ ಇನ್ನೊಂದು ಗುಡ್ಡ ಎದ್ದು ಕಾಣುತ್ತೆ. ಋತು ಇದೆ, ಆದರೆ ಥರ್ಮಾಮೀಟರಿನಲ್ಲಿ ಹುಡುಕಿದರೆ ಸಿಗಲ್ಲ. ಸೈಬರ್‌ಜಯಾ, ಪುತ್ರಜಯಾಗಳಂಥ ಹೊಸ ಊರುಗಳ ರಸ್ತೆಬದಿಯ ಮರಗಳಿಗೆ ಇದು ಗೊತ್ತು. ಒಂದಷ್ಟು ದಿನ ಒಣಹವೆ ಇದ್ದು ಮಳೆ ಬಿದ್ದರೆ ಇದೇ ತಬೂಬಿಯಾ ಇಲ್ಲೂ ಮೈತುಂಬ ಅರಳುತ್ತೆ; ಇಲ್ಲಿನವರು ಟೆಕೋಮಾ ಅಂತಾರೆ. ಸಿಂಗಪುರದವರು ಅದನ್ನು ನಮ್ಮ ಸಕುರಾ ಅಂತ ಕರೆಯೋದು ನೋಡಿದರೆ ಮಾತ್ರ ಬೇಜಾರಾಗುತ್ತೆ. ಬೆಂಗಳೂರಿನಲ್ಲೂ ಅದಕ್ಕೆ ಚೆರ್ರಿ ಬ್ಲಾಸಮ್ ಅನ್ನೋದು ಶುರುವಾಗಿದೆ. ಮನೆ ಮುಂದಿನ ಮರ ಚೆನ್ನಾಗಿದೆ ಅಂತ ಹೇಳೋಕೂ ಜಪಾನಿನ ಸರ್ಟಿಫಿಕೇಟ್ ಬೇಕಾ?

ಇಲ್ಲಿ ಬೆಳೆಯುವ ನಮ್ಮ ಮಕ್ಕಳ ಚಿತ್ರದ ಪುಸ್ತಕಗಳಲ್ಲಿ ನಾಲ್ಕೇ ಋತು: ಹಿಮ, ಟ್ಯುಲಿಪ್, ಸೂರ್ಯ, ಉದುರಿದ ಎಲೆ. ಅದು ನಿಜ ಅಂತ ಸಾಬೀತು ಮಾಡೋಕೆ ನಾವೇ ಗಾಡಿ ಮಾಡಿಕೊಂಡು ಅವರನ್ನು ಡೋಮ್‌ಗೆ ಕರ್ಕೊಂಡು ಹೋಗ್ತೀವಿ. ಟ್ಯುಲಿಪ್ ಅರಳಿರುವ ವಾರಗಳಲ್ಲೇ, ಅಂದರೆ ಸಾಮಾನ್ಯವಾಗಿ ಮೇ ಹೊತ್ತಿಗೆ, ಅದೇ ದ್ವೀಪದಲ್ಲಿ ಟೆಂಬುಸು ಮರಗಳು ಹೂ ಬಿಡುತ್ತವೆ. ಸಣ್ಣ ಕೆನೆಬಣ್ಣದ ಹೂವು, ದೂರದಿಂದ ಕಣ್ಣಿಗೇ ಬೀಳಲ್ಲ. ಸಂಜೆಯಾದರೆ ಘಮ ಹರಡುತ್ತೆ, ಮೂಗಿನ ಜಾಡಿನಲ್ಲೇ ಮರ ಹುಡುಕಬಹುದು. ಸಿಂಗಪುರದ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ನೂರು ವರ್ಷ ದಾಟಿದ ಒಂದು ಟೆಂಬುಸು ಇದೆ. ಐದು ಡಾಲರ್ ನೋಟಿನ ಹಿಂಬದಿಯಲ್ಲಿರೋದು ಅದರದೇ ಚಿತ್ರ. ತೋಟದ ಆ ಭಾಗಕ್ಕೆ ಟಿಕೆಟ್ ಇಲ್ಲ, ರಾತ್ರಿ ಹನ್ನೆರಡರವರೆಗೂ ಬಾಗಿಲು ತೆಗೆದಿರುತ್ತೆ. ಮುಂದಿನ ಸಲ ಮೇನಲ್ಲಿ ಹೋಗುವವರು ಸಂಜೆ ಏಳರ ಮೇಲೆ ಆ ಕಡೆ ಹೋಗಿ. ಸೊಳ್ಳೆ ಕಾಟ ಇದೆ, ಉದ್ದ ತೋಳಿನ ಅಂಗಿ ಹಾಕ್ಕೊಳ್ಳಿ.