ಒಗಟಿನಲ್ಲಿ ಅಡಗಿದ ಮರಣವಾರ್ತೆ: ಪದಬಂಧಕಾರ ಅರಾಕೇರಿಯಾ

ಪದಬಂಧವನ್ನು ‘ಆಧುನಿಕ ಒಗಟು’ ಎಂದು ಕರೆಯುವುದು ವಾಡಿಕೆಯಾಗಿದೆ. ಈ ಮಾತು ಅರ್ಧದಷ್ಟೇ ಸರಿ ಎಂಬುದನ್ನು ಬ್ರಿಟನ್ನಿನ ಜಾನ್ ಗಾಲ್ಬ್ರೆತ್ ಗ್ರಹಾಂ (1921–2013) ಅವರ ರಚನೆಗಳು ತೋರಿಸಿಕೊಡುತ್ತವೆ. ಕ್ರೈಸ್ತ ಪಾದ್ರಿಯಾಗಿದ್ದ ಗ್ರಹಾಂ 1958ರಿಂದ ‘ಗಾರ್ಡಿಯನ್’ ಪತ್ರಿಕೆಗೆ ಪದಬಂಧ ರಚಿಸತೊಡಗಿದರು. 1970ರ ದಶಕದ ಕೊನೆಯ ಭಾಗದಲ್ಲಿ ವಿವಾಹ ವಿಚ್ಛೇದನದ ಕಾರಣದಿಂದ ಪೌರೋಹಿತ್ಯ ಕೈತಪ್ಪಿದಾಗ ಹವ್ಯಾಸವೇ ಜೀವನೋಪಾಯವಾಯಿತು.

ಅವರು ಇರಿಸಿಕೊಂಡ ‘ಅರಾಕೇರಿಯಾ’ ಎಂಬ ಅಂಕಿತವೂ ಒಂದು ಒಗಟೇ. ಅದು ಆಂಗ್ಲರು ‘ಮಂಕಿ ಪಜಲ್’ ಎನ್ನುವ ಮರದ ಲ್ಯಾಟಿನ್ ಹೆಸರು. ಅದೇ ಮರಕ್ಕೆ ‘ಚಿಲಿ ಪೈನ್’ ಎಂಬ ಹೆಸರೂ ಉಂಟು. ಅದರ ಒಂಬತ್ತು ಅಕ್ಷರಗಳನ್ನು ಕಲಸಿ ಜೋಡಿಸಿದರೆ ‘ಸಿನಿಫೈಲ್’ ಆಗುತ್ತದೆ. ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆಯಲ್ಲಿ ಇದು ಅವರ ಅಂಕಿತ. ಕನ್ನಡದಲ್ಲಿ ಬರೆದ ಕೂಡಲೇ ಈ ಚಮತ್ಕಾರ ಅಳಿದುಹೋಗುತ್ತದೆ. ಕನ್ನಡ ಪದಬಂಧದ ಒಂದು ಮನೆಯಲ್ಲಿ ನಿಲ್ಲುವುದು ಸ್ವರವನ್ನು ಒಡಲಲ್ಲಿಟ್ಟುಕೊಂಡ ಗುಣಿತಾಕ್ಷರ ಅಥವಾ ಒತ್ತಕ್ಷರ. ‘ವಿಕಟಕವಿ’ಯಂತಹ ತಿರುವುಮುರುವು ಇಲ್ಲಿಯೂ ಸಾಧ್ಯ, ಆದರೆ ಬಿಡಿ ಬಿಡಿಯಾಗಿ ಕಲಸುವ ಅವಕಾಶ ಕಡಿಮೆ. ಕನ್ನಡ ಪದಬಂಧಗಳು ಬಹುಮಟ್ಟಿಗೆ ಅರ್ಥಸೂಚನೆಯನ್ನೇ ನೆಚ್ಚಿರುವುದಕ್ಕೆ ರಚನಕಾರರ ಆಲಸ್ಯವಲ್ಲ, ಲಿಪಿಯ ಸ್ವಭಾವವೇ ಒಂದು ಕಾರಣವೆನ್ನಬೇಕು.

ಒಗಟು ವಸ್ತುವಿನ ರೂಪ, ಗುಣಗಳನ್ನು ರೂಪಕದಲ್ಲಿ ಮರೆಸುತ್ತದೆ. ಉತ್ತರ ಸಮುದಾಯದ ನೆನಪಿನಲ್ಲಿ ಮೊದಲೇ ಇರುತ್ತದೆ. ಗ್ರಹಾಂ ಅವರ ಸೂಚನೆಯಾದರೋ ಒಂದು ತುದಿಯಲ್ಲಿ ನಿಘಂಟಿನ ಅರ್ಥವನ್ನೂ ಉಳಿದ ಭಾಗದಲ್ಲಿ ಅಕ್ಷರಗಳ ಕಟ್ಟಡವನ್ನೂ ಇರಿಸುತ್ತದೆ. ಹೊರಗೆ ಕಾಣುವ ವಾಕ್ಯಾರ್ಥ ಬರಿಯ ಮುಸುಕು. ಬೆಡಗಿನ ವಚನದ ಹೊರಮೈ-ಒಳಮೈಗಳ ನೆನಪಾದರೂ, ಅಲ್ಲಿ ಬಿಡಿಸಿದಷ್ಟೂ ಅರ್ಥ ಉಳಿಯುತ್ತದೆ. ಇಲ್ಲಿ ಮನೆ ತುಂಬಿದೊಡನೆ ಆಟ ಮುಗಿಯುತ್ತದೆ.

ಈ ಮಾತಿಗೆ ಅಪವಾದವಾದದ್ದು ಅವರ ಒಂದು ಪದಬಂಧ. ತಾವೇ ಆರಂಭಿಸಿದ್ದ ‘ಒನ್ ಅಕ್ರಾಸ್’ ಪತ್ರಿಕೆಯಲ್ಲಿ 2012ರ ಡಿಸೆಂಬರಿನಲ್ಲಿಯೂ, ‘ಗಾರ್ಡಿಯನ್’ನಲ್ಲಿ 2013ರ ಜನವರಿಯಲ್ಲಿಯೂ ಅದು ಪ್ರಕಟವಾಯಿತು. ಅರಾಕೇರಿಯಾಗೆ ಇಂತಹ ಮನೆಯ ರೋಗವಿದೆ, ಇಂತಹ ಮನೆಗಳ ಚಿಕಿತ್ಸೆ ನಡೆದಿದೆ ಎಂಬುದು ಅದರ ಪೀಠಿಕೆ. ಓದುಗರು ಮನೆಗಳನ್ನು ತುಂಬಿದಾಗ ದೊರೆತದ್ದು ಕ್ಯಾನ್ಸರ್, ಅನ್ನನಾಳ, ಉಪಶಾಮಕ ಆರೈಕೆ. ಸುತ್ತಲಿನ ಮನೆಗಳಲ್ಲಿ ಎಂಡೋಸ್ಕೋಪಿ, ಸೂರ್ಯಾಸ್ತ.

ಪಾಶ್ಚಾತ್ಯ ಜಾನಪದಜ್ಞರು ‘ನೆಕ್ ರಿಡಲ್’ ಎಂದು ಕರೆಯುವ ವರ್ಗದಲ್ಲಿ ಮರಣದಂಡನೆಗೆ ಗುರಿಯಾದವನು ತನ್ನೊಬ್ಬನ ಅನುಭವಕ್ಕೆ ಮಾತ್ರ ಗೊತ್ತಿರುವ ಒಗಟನ್ನೊಡ್ಡಿ, ಯಾರೂ ಬಿಡಿಸಲಾರದೆ ಹೋದಾಗ ತಲೆ ಉಳಿಸಿಕೊಳ್ಳುತ್ತಾನೆ. ಯಕ್ಷಪ್ರಶ್ನೆಯಲ್ಲಿ ಉತ್ತರಿಸಿದವನಿಗೆ ತಮ್ಮಂದಿರ ಪ್ರಾಣ ಮರಳುತ್ತದೆ. ಗ್ರಹಾಂ ಒಡ್ಡಿದ ಒಗಟಿನಲ್ಲಿಯೂ ಉತ್ತರ ಸ್ವಂತ ದೇಹದ್ದೇ. ಆದರೆ ಅದು ಬಿಡಿಸಲ್ಪಡಲೆಂದೇ ರಚಿತವಾದದ್ದು, ಬಿಡಿಸಿದವರ ಕೈಯಲ್ಲಿ ಯಾವ ಪ್ರಾಣವೂ ಉಳಿಯಲಿಲ್ಲ. ರೋಗದ ಹೆಸರನ್ನು ಪತ್ರಿಕೆ ಅಚ್ಚು ಮಾಡಿರಲಿಲ್ಲ. ಪ್ರತಿಯೊಬ್ಬ ಓದುಗನೂ ತನ್ನ ಕೈಯಾರೆ ಅಕ್ಷರ ಅಕ್ಷರವಾಗಿ ಬರೆಯಬೇಕಾಯಿತು. ಗ್ರಹಾಂ ಅದೇ ವರ್ಷ ನವೆಂಬರ್ 26ರಂದು ನಿಧನರಾದರು.