ಹದಿನಾಲ್ಕು ದಾಟಿದ ಮಕ್ಕಳು ಯಾರ ಲೆಕ್ಕದಲ್ಲಿ?

ಹಸುಗೂಸಿಗೆ ಇನ್‌ಫಂಟ್, ಹೆಜ್ಜೆ ಕಲಿಯುವ ಕೂಸಿಗೆ ಟಾಡ್ಲರ್, ಹದಿಮೂರಾದರೆ ಟೀನೇಜರ್, ಡಾಕ್ಟರರ ಬಾಯಲ್ಲಿ ಅಡಾಲಸೆಂಟ್, ಕೋರ್ಟಿನಲ್ಲಿ ಮೈನರ್ ಅಥವಾ ಜುವೆನೈಲ್. ಇಂಗ್ಲಿಷಿನಲ್ಲಿ ಒಂದೊಂದು ವಯಸ್ಸಿಗೂ ಕರಾರುವಾಕ್ಕಾದ ಪದವಿದೆ, ನಮ್ಮ ಕೂಸು, ಪೋರ, ಹುಡುಗ, ಹರೇದವ ಎಂಬ ಮಾತುಗಳಿಗೆ ಅಳತೆಯಿಲ್ಲ, ಮಕ್ಕಳನ್ನು ಶಾಸ್ತ್ರೀಯವಾಗಿ ಅರಿಯಲು ಇಂಗ್ಲಿಷಿನ ಮೊರೆ ಹೋಗಲೇಬೇಕು ಎಂಬ ನಂಬಿಕೆ ಓದಿದವರಲ್ಲಿ ಬೇರೂರಿದೆ. ಬೀದರ್, ಭಾಲ್ಕಿ, ಔರಾದ್‌ಗಳ ಮಕ್ಕಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ನಂಬಿಕೆ ಉಳಿಯುವುದಿಲ್ಲ.

ಮೊದಲು ಈ ಅಳತೆಯನ್ನೇ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಗೆ ಅಡಾಲಸೆಂಟ್ ಎಂದರೆ 10ರಿಂದ 19ರ ವಯಸ್ಸು. ಯೂತ್ ಎಂದರೆ ವಿಶ್ವಸಂಸ್ಥೆಗೆ 15ರಿಂದ 24. ನಮ್ಮದೇ 2014ರ ರಾಷ್ಟ್ರೀಯ ಯುವನೀತಿಗೆ 15ರಿಂದ 29. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಗಂಡುಮಕ್ಕಳ ಬಾಲ್ಯ 16ಕ್ಕೆ ಮುಗಿಯುತ್ತಿತ್ತು, ಹೆಣ್ಣುಮಕ್ಕಳದು 18ಕ್ಕೆ. 2000ದ ಕಾಯ್ದೆ ಇಬ್ಬರಿಗೂ 18 ಎಂದಿತು. 2015ರ ಕಾಯ್ದೆ ಘೋರ ಅಪರಾಧದ ಆರೋಪ ಹೊತ್ತ 16 ತುಂಬಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿ ಮಾಡಿತು. ಮತ ಹಾಕಬಲ್ಲ ಇಪ್ಪತ್ತರ ಹುಡುಗ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಇನ್ನೂ ಮಗುವೇ. ಹೀಗೆ ಪದ ನಿಂತಲ್ಲೇ ನಿಂತು ಗೆರೆ ಮಾತ್ರ ಸರಿಯುತ್ತಿದೆ. ನಿಖರತೆ ಏನಿದ್ದರೂ ಅಂಕಿಗೆ ಸೇರಿದ್ದು, ಆ ಅಂಕಿಯನ್ನು ಗೊತ್ತುಮಾಡುವುದು ಕಾನೂನು ಮತ್ತು ರಾಜಕೀಯ.

ಈ ಗೆರೆಗಳಲ್ಲಿ ಔರಾದ್ ತಾಲ್ಲೂಕಿನ ಮಕ್ಕಳಿಗೆ ಹೆಚ್ಚು ನೋವು ಕೊಡುವುದು 14ರ ಗೆರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಾತು ಕೊಟ್ಟಿರುವುದು 6ರಿಂದ 14ರವರೆಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ 14ರಿಂದ 18ರವರನ್ನು ಅಡಾಲಸೆಂಟ್ ಎಂದು ಕರೆದು, ಗಣಿ, ಸ್ಫೋಟಕ ಮತ್ತು ಅಪಾಯಕಾರಿ ಕೆಲಸಗಳಿಗೆ ಅವರನ್ನು ಹಚ್ಚಬಾರದೆಂದಿತು. ಉಳಿದ ದುಡಿಮೆಗೆ ಬಾಗಿಲು ತೆರೆದೇ ಇದೆ. ಆಸ್ಪತ್ರೆಯಲ್ಲಿ ಆರೈಕೆಯ ಹೆಸರಾದ ಪದ ದುಡಿಮೆಯ ಕಾನೂನಿನಲ್ಲಿ ಪರವಾನಗಿಯಾಗುತ್ತದೆ. ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಟ ತಾಂಡಾದ ಕುಟುಂಬದಲ್ಲಿ ಎಂಟನೇ ತರಗತಿ ಮುಗಿಸಿದ ಹುಡುಗನಿದ್ದರೆ, ಶಾಲೆಯ ಹಕ್ಕು ಕೈಬಿಡುವ ಹೊತ್ತಿಗೇ ಕೂಲಿಯ ಅನುಮತಿ ಅವನ ಕೈಗೆ ಬರುತ್ತದೆ. ಇದರ ಬಗ್ಗೆ ನಮ್ಮ ವಿದ್ಯಾವಂತರು ಗಟ್ಟಿಯಾಗಿ ಮಾತಾಡಿದ್ದು ಕಡಿಮೆ.

ಅವರು ಹೆಚ್ಚು ಮಾತಾಡುವುದು ಟೀನೇಜಿನ ಬಗ್ಗೆ. ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹದಿಹರೆಯದ ಕುರಿತು ಎರಡು ಸಂಪುಟ ಬರೆದು, ಅದನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿದ ದೇಶ ಅಮೆರಿಕ. ಟೀನೇಜರ್ ಎಂಬ ಮಾತು 1940ರ ದಶಕದಲ್ಲಿ ಮನೆಮಾತಾದದ್ದೂ ಅಲ್ಲೇ. ಆ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಬಹುಪಾಲು ಹೈಸ್ಕೂಲಿನಲ್ಲಿದ್ದರು. ಕೈಯಲ್ಲಿ ಬಿಡುವು, ಜೇಬಿನಲ್ಲಿ ಕಾಸು ಇದ್ದ ಅವರತ್ತ ಮಾರುಕಟ್ಟೆ ತಿರುಗಿತ್ತು. ಆ ಬಿಡುವೇ ಇಲ್ಲದ ಮಕ್ಕಳಿಗೂ ಅದೇ ಹೆಸರು ಅಂಟಿಸಿ, ಹದಿನೈದರ ಹುಡುಗಿ ಮಂಕಾದರೆ "ಟೀನೇಜ್ ಅದ, ಹಂಗೇ ಇರ್ತಾರ" ಎಂದುಬಿಡುತ್ತೇವೆ. ಬಸ್ ಇಲ್ಲದೆ ಅವಳ ಹೈಸ್ಕೂಲು ತಪ್ಪಿತೇ, ಹಾಸ್ಟೆಲಿನಲ್ಲಿ ಏನಾದರೂ ನಡೆಯಿತೇ, ಮನೆಯಲ್ಲಿ ಮದುವೆಯ ಮಾತು ಎದ್ದಿದೆಯೇ ಎಂದು ಕೇಳುವುದು ಅಲ್ಲಿಗೇ ನಿಂತುಹೋಗುತ್ತದೆ. ನೀಟ್ ತರಬೇತಿಗೆ ಹೆಸರಾದ ಬೀದರ್ ನಗರದಲ್ಲಿ ಇನ್ನೊಂದು ಹೆಸರಿದೆ: ರಿಪೀಟರ್. ಒಂದು ಪರೀಕ್ಷೆಯಲ್ಲಿ ಅಂಕ ಸಾಲದ ಹದಿನೆಂಟರ ಹುಡುಗನಿಗೆ ವರ್ಷವಿಡೀ ಅದೇ ಗುರುತು. ಆ ವಯಸ್ಸಿಗೆ ಅದು ತುಂಬಾ ಭಾರ.

ಹಾಗಾದರೆ ಹಳೆಯ ಮಾತುಗಳಿಗೇ ಮರಳೋಣವೇ? ಮರಳುವಂತಿಲ್ಲ. ಮೈನೆರೆದ ಹುಡುಗಿಯನ್ನು "ದೊಡ್ಡಾಕಿ ಆದಳು" ಎನ್ನುವ ನಮ್ಮ ಮಾತು ಎಷ್ಟೋ ಮನೆಗಳಲ್ಲಿ ಅವಳ ಓದಿಗೆ ಕೊನೆ ಹಾಡಿದೆ. ಅಲ್ಲಿ ಅವಳ ಬೆನ್ನಿಗೆ ನಿಲ್ಲುವುದು 18 ಎಂಬ ಅಂಕಿ. ಕರ್ನಾಟಕದ ತಿದ್ದುಪಡಿಯಂತೂ ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧು ಮಾಡಿದೆ. 2020ರಲ್ಲಿ ಬೀದರಿನ ಶಾಲೆಯೊಂದರ ನಾಟಕದ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿದಾಗ, ಸಮವಸ್ತ್ರ ತೊಟ್ಟು ಶಸ್ತ್ರ ಹಿಡಿದ ಪೊಲೀಸರು ಮಕ್ಕಳ ವಿಚಾರಣೆಯಲ್ಲಿದ್ದದ್ದು ಮೇಲ್ನೋಟಕ್ಕೇ ಬಾಲನ್ಯಾಯ ನಿಯಮಗಳ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. ಹಾಗೆ ಹೇಳಲು ಆಧಾರವಾದದ್ದು ಮಕ್ಕಳ ವಯಸ್ಸಿಗೆ ಕಾನೂನು ಕೊಟ್ಟ ರಕ್ಷಣೆ. ಆ ರಕ್ಷಣೆಯನ್ನು ಒಂದಿಷ್ಟೂ ಬಿಟ್ಟುಕೊಡಬಾರದು.

ಅಂಕಿಗೂ ಮಾತಿಗೂ ಕೆಲಸ ಬೇರೆ ಬೇರೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಫಲಕ ಸರ್ಕಾರಕ್ಕಾಗಿ ಇತ್ತು, ಪಾಠ ಮಕ್ಕಳಿಗಾಗಿ. ಇಂದಿಗೂ ಕಡತಕ್ಕೆ ಅಡಾಲಸೆಂಟ್ ಬೇಕಾದರೆ ಬರೆದುಕೊಳ್ಳಲಿ, ಎದುರಿಗೆ ಹುಟ್ಟಿದ ದಿನಾಂಕವೂ ಇರಲಿ. ಆದರೆ ಅಂಗನವಾಡಿಯಲ್ಲಿ, ತರಗತಿಯಲ್ಲಿ, ಪಾಲಕರ ಸಭೆಯಲ್ಲಿ ಮಗುವಿನ ಸಂಗತಿಯನ್ನು ಮನೆಯವರಿಗೆ ತಿಳಿಯುವ ಕನ್ನಡ, ಮರಾಠಿ, ಉರ್ದು, ಲಂಬಾಣಿಯಲ್ಲೇ ಮಾತಾಡಬೇಕು. ಮತ್ತು ಶಿಕ್ಷಣದ ಹಕ್ಕನ್ನು 14ರಿಂದ 18ಕ್ಕೆ ಏರಿಸಬೇಕು. ಮಕ್ಕಳನ್ನು ಏನೆಂದು ಕರೆಯಬೇಕು ಎಂಬ ಚರ್ಚೆಗೆ ಕೊಡುವ ಉತ್ಸಾಹದಲ್ಲಿ ಅರ್ಧವನ್ನು ಈ ಬೇಡಿಕೆಗೆ ಕೊಟ್ಟರೂ ಔರಾದಿನ ಎಷ್ಟೋ ಮಕ್ಕಳು ಒಂಬತ್ತನೇ ತರಗತಿಯ ಹೊಸ್ತಿಲು ದಾಟಿಯಾರು.