ತಿಳಿನೀರಿನ ಖಾರ

ವೈನ್ ರುಚಿ ನೋಡುವವರು ಮೊದಲು ಲೋಟವನ್ನು ಬೆಳಕಿಗೆ ಹಿಡಿಯುತ್ತಾರೆ. ಬಂಗಾರಪೇಟೆ ಪಾನಿಪೂರಿಯ ಪಾನಿಯನ್ನು ಹಾಗೆ ಹಿಡಿದರೆ ಕಾಣುವುದು ಬರೀ ತಿಳಿನೀರು. ಪುದೀನದ ಹಸಿರಿಲ್ಲ, ಹುಣಸೆಯ ಕಂದಿಲ್ಲ. ಬಾಯಿಗೆ ಬಿದ್ದಾಗಲೇ ಖಾರದ ಪರಿಚಯ. ಕಣ್ಣಿನ ಅಂದಾಜನ್ನು ನಾಲಿಗೆ ಸುಳ್ಳಾಗಿಸುವುದೇ ಇದರ ಕಸುಬುಗಾರಿಕೆ. ಇದು ವೈನ್‌ಗೆ ಬರುವಂಥ ಮಣ್ಣಿನ ಗುಣವಲ್ಲ, ಬರೀ ಕೈಚಳಕ. ಹಾಗಾದರೆ ಇದಕ್ಕೆ ಊರಿನ ಹೆಸರೇಕೆ ಎಂದು ಕೇಳಬಹುದು. ಮದೀರಾ ದ್ವೀಪದ ವೈನ್‌ಗೆ ಹೆಸರು ತಂದದ್ದೂ ಮಣ್ಣೊಂದೇ ಅಲ್ಲ. ದೂರಯಾನದಲ್ಲಿ ಹಡಗಿನ ಒಡಲೊಳಗಿನ ಬಿಸಿಗೆ ಕಾದು ಬಂದ ರುಚಿಯನ್ನೇ ಅಲ್ಲಿನವರು ಪದ್ಧತಿಯಾಗಿಸಿಕೊಂಡರು. ಮಾಡುವ ರೀತಿಯೂ ಊರಿನ ಆಸ್ತಿಯೇ, ಗಣಿಯಂತೆ ಮುಚ್ಚಿಹೋಗದ ಆಸ್ತಿ: ಪಕ್ಕದ ಕೆಜಿಎಫ್‌ನಲ್ಲಿ ಚಿನ್ನ ತೆಗೆಯುವುದು 2001ರಲ್ಲೇ ನಿಂತಿತು. ನಾಲ್ಕಾರು ಊರಿನ ಪಾನಿಗಳನ್ನು ಗಾಜಿನ ಲೋಟಗಳಲ್ಲಿ ಸಾಲಾಗಿಟ್ಟು, ಗೆಳೆಯರೊಡನೆ ಸವಿದು ನೋಡಿ. ಬಂಗಾರಪೇಟೆಯದನ್ನು ಮಾತ್ರ ಕೊನೆಗಿಡಿ. ಆಮೇಲೆ ಬೇರೆ ರುಚಿ ನಾಲಿಗೆಗೆ ಹತ್ತದು.